ಬೋರ್ಡು ಹಾಕುವ ಮೊದಲು

ಕೀಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಬಾಗಿಲು ಒಳಗಿನಿಂದ ತೆರೆದುಕೊಂಡಿತು.

ಹದಿನಾಲ್ಕು ತಿಂಗಳ ನಂತರ ಗಂಡನ ಮುಖ ಅವಳಿಗೆ ಕಂಡದ್ದು ಹೀಗೆ. ಅರ್ಧ ತೆರೆದ ಬಾಗಿಲ ಸಂದಿಯಲ್ಲಿ, ಹೆಗಲ ಮೇಲೆ ಒರೆಸುವ ಬಟ್ಟೆ, ಕೈತುಂಬ ಸೋಪಿನ ನೊರೆ. ಸ್ವಲ್ಪ ಸೊರಗಿದ್ದ. ಸೊರಗಲಿ ಎಂದುಕೊಂಡಳು.

"ಬಂದ್ಯಾ..." ಅಂದ ಅವನು.

"ಬಂದಿದೀನಿ. ದಾರಿ ಬಿಡ್ತೀರಾ?"

ಅವನಿಗೆ ಚುರುಕ್ಕೆಂದದ್ದು ಮುಖದಲ್ಲೇ ಅವಳಿಗೆ ಕಾಣಿಸಿತು. ಎಂಟು ವರ್ಷ ಒಂದೇ ಸೂರಿನಡಿ ಇದ್ದಾಗ ಅವಳು ಒಮ್ಮೆಯೂ ಅವನನ್ನು 'ನೀವು' ಎಂದವಳಲ್ಲ. ಪ್ರೀತಿಯಲ್ಲೂ ಏಕವಚನ, ಜಗಳದಲ್ಲೂ ಏಕವಚನ. ಈಗ ಕೊಟ್ಟ ಈ ಮರ್ಯಾದೆ ಯಾವ ಬೈಗುಳಕ್ಕೂ ಕಡಿಮೆ ಇರಲಿಲ್ಲ.

ಅವನು ಪಕ್ಕಕ್ಕೆ ಸರಿದ. ಅವಳು ಒಳಗೆ ಕಾಲಿಟ್ಟವಳೇ ಎಡಕ್ಕೆ ನೋಡಿದಳು. ನೋಡಬಾರದು ಅಂದುಕೊಂಡೇ ಬಂದಿದ್ದಳು, ಆದರೂ ಕಣ್ಣು ಅಲ್ಲಿಗೇ ಹೋಯಿತು.

ಮುಂದಿನ ಕೋಣೆ ಖಾಲಿ.

ಮಂಚವಿಲ್ಲ, ಮೈದುನನ ಟಿವಿ ಇಲ್ಲ, ಗೋಡೆಗೆ ಆನಿಸಿಟ್ಟಿದ್ದ ಅವನ ಬೈಕಿನ ಟಯರುಗಳೂ ಇಲ್ಲ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

'ಓಹೋ... ಮನೆ ಮಾರೋಕೆ ಅಂತ ತಮ್ಮನನ್ನ ಕಳಿಸಿದಾನೆ. ನನಗಾಗಿ ಕಳಿಸೋಕೆ ಆಗಲಿಲ್ಲ. ಗಿರಾಕಿಗಳಿಗಾಗಿ ಕಳಿಸಿದಾನೆ.'



ಆ ಕೋಣೆ ಅವಳದಾಗಬೇಕಿತ್ತು. ಅವಳ ಕೆಲಸ ಕನ್ನಡಕದಂಗಡಿಯಲ್ಲಿ. ಯಾರದೋ ಅಂಗಡಿಯಲ್ಲಿ ಹನ್ನೊಂದು ವರ್ಷ ಲೆನ್ಸ್ ಉಜ್ಜಿ, ಫ್ರೇಮಿಗೆ ಕೂರಿಸಿ, ಅಜ್ಜಂದಿರ ಮೂಗಿಗೂ ಮಕ್ಕಳ ಮೂಗಿಗೂ ಕಡ್ಡಿ ಬಗ್ಗಿಸಿ ಸರಿಮಾಡಿದ ಕೈ ಅವಳದು. ಈ ಮನೆ ಕೊಂಡಾಗ ಮುಂದಿನ ಕೋಣೆಯ ಉತ್ತರದ ಕಿಟಕಿ ನೋಡಿ, "ಇದು ನನ್ನ ಅಂಗಡಿ," ಎಂದಿದ್ದಳು. ಅವನು ನಕ್ಕು, "ನಿನ್ನದೇ ಇಟ್ಕೋ," ಎಂದಿದ್ದ. ಪತ್ರದಲ್ಲಿ ಇಬ್ಬರ ಹೆಸರು. ಕೊಳ್ಳುವಾಗ ಇಬ್ಬರ ದುಡಿಮೆ.

ಆಮೇಲೆ ಅವನ ತಮ್ಮ ಒಂದು ತಿಂಗಳ ಮಟ್ಟಿಗೆ ಅಂತ ಬಂದ. ಹನ್ನೊಂದು ತಿಂಗಳಾದರೂ ಅಲ್ಲಾಡಲಿಲ್ಲ. ಕೊನೆಗೊಂದು ದಿನ ಅವಳೇ ಬಡಗಿಯನ್ನು ಕರೆಸಿ ಕಪಾಟಿಗೆ ಅಳತೆ ಕೊಡುತ್ತಿದ್ದಾಗ ಮೈದುನ ಮಂಚದ ಮೇಲಿಂದ ಏಳದೆಯೇ ಅಂದಿದ್ದ: "ಅತ್ತಿಗೆ, ಅಂಗಡಿ ಇಡೋಕೆ ಬೇರೆ ಜಾಗ ಸಿಗ್ಲಿಲ್ವಾ? ಇದು ನಮ್ಮಣ್ಣನ ಮನೆ."

ಅವಳು ಗಂಡನ ಕಡೆ ತಿರುಗಿದಳು. ಅವನು ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ. ನೀರು ಕುಡಿದ. ಲೋಟ ಇಟ್ಟ. ಒಂದು ಮಾತನ್ನೂ ಆಡಲಿಲ್ಲ.

ಬಡಗಿ ಟೇಪು ಸುತ್ತಿಕೊಂಡು ಹೊರಟುಹೋದ. ಅದೇ ಸಂಜೆ ಅವಳೂ ಹೊರಟಳು. "ನನ್ನ ಹಿಂದೆ ಬರಬೇಡ. ಕರೆಯೋಕೂ ಬರಬೇಡ, ನೋಡೋಕೂ ಬರಬೇಡ," ಎಂದು ಹೇಳಿ ಚಿಕ್ಕಮ್ಮನ ಮನೆ ಸೇರಿದಳು.

ಅವನು ಬರಲಿಲ್ಲ. ಒಂದು ದಿನವೂ ಬರಲಿಲ್ಲ. ಕೊನೆಗೆ, ಮನೆ ಮಾರಿ ಬೇರೆಯಾಗೋಣ ಎಂದು ಅವಳೇ ಹೇಳಿಕಳಿಸಿದಳು.

"ಏನ್ರೀ, ಇಬ್ಬರೂ ಗೋಡೆ ಥರ ನಿಂತಿದೀರಿ? ಇರೋ ಗೋಡೆ ಸಾಲದಾ ಮಾರೋಕೆ?"

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರು ಮನೆ ಕೊಡಿಸುವ ಹೆಂಗಸು. ವಯಸ್ಸು ಐವತ್ತೈದು ದಾಟಿತ್ತು. ಅವರ ಕೈಚೀಲದಲ್ಲಿ ಸದಾ ಇಪ್ಪತ್ತು ಮೂವತ್ತು ಮನೆಗಳ ಕೀಲಿ ಗಲಗಲ ಎನ್ನುತ್ತಿದ್ದವು. ಅದಕ್ಕೇ ಸುತ್ತಮುತ್ತ ಎಲ್ಲರಿಗೂ ಅವರು ಗೊಂಚಲಕ್ಕ.

"ಅಕ್ಕ, ಮಾರಾಟಕ್ಕಿದೆ ಅಂತ ಬೋರ್ಡು ಇವತ್ತೇ ಹಾಕಿಬಿಡಿ," ಅಂದಳು ಅವಳು. "ಯಾರು ಮೊದಲು ಬರ್ತಾರೋ ಅವರಿಗೆ ಕೊಟ್ಟು ಮುಗಿಸೋಣ."

"ಹಾಕಲ್ಲ."

"ಯಾಕೆ?"

"ನೀವಿಬ್ಬರೂ ಬೇರೆ ಆಗೋದು ನಿಮ್ಮಿಷ್ಟ. ಮನೆ ಮಾರೋದು ನನ್ನ ಕೆಲಸ. ಮಾರೋರಿಗೆ ತಮ್ಮ ಮನೆ ಕಾಣಲ್ಲಮ್ಮ. ಒಬ್ಬರಿಗೆ ಹಾಕಿಸಿದ ಟೈಲ್ಸ್ ಕಾಣುತ್ತೆ, ಇನ್ನೊಬ್ಬರಿಗೆ ಆಡಿದ ಜಗಳ ಕಾಣುತ್ತೆ. ಕೊಳ್ಳೋರು ಏನು ನೋಡ್ತಾರೆ, ಯಾವುದಕ್ಕೆ ಮನಸ್ಸು ಕೊಡ್ತಾರೆ ಅಂತ ಗೊತ್ತಾಗದೆ ಬೋರ್ಡು ಹಾಕಿದ್ರೆ ವರ್ಷಗಟ್ಟಲೆ ಬಿಸಿಲಿಗೆ ಒಣಗುತ್ತೆ. ಮಂಗಳವಾರ ನಿಮಗೆ ಎರಡು ಮನೆ ತೋರಿಸ್ತೀನಿ. ಇಬ್ಬರೂ ಕೊಳ್ಳೋರ ಥರ ಬಂದು ನೋಡಿ. ಶನಿವಾರ ಜನರನ್ನ ಇಲ್ಲಿಗೇ ಕರೀತೀನಿ. ಅವರ ಬಾಯಿಂದ ಕೇಳೋಣ. ಆಮೇಲೆ ಬೋರ್ಡು."

"ನಾನೊಬ್ಬಳೇ ಬರ್ತೀನಿ."

"ಪತ್ರದಲ್ಲಿ ಇಬ್ಬರ ಹೆಸರಿದೆ. ಇಬ್ಬರೂ ಬರಬೇಕು."

ಅವನು ಮಾತ್ರ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದ. ಒಣಗಿದ ಮೇಲೂ ಒರೆಸುತ್ತಿದ್ದ.

'ಈಗಲೂ ಬಾಯಿಲ್ಲ. ಲಿಫ್ಟ್ ರಿಪೇರಿ ಮಾಡೋನಿಗೆ ತನ್ನ ನಾಲಿಗೆ ರಿಪೇರಿ ಮಾಡ್ಕೊಳ್ಳೋಕೆ ಬರಲ್ಲ...'

*

ಮಂಗಳವಾರ ಅವಳ ಅಂಗಡಿಗೆ ವಾರದ ರಜೆ. ಅವನು ಅರ್ಧ ದಿನ ರಜೆ ಹಾಕಿ ಬಂದಿದ್ದ, ಲಿಫ್ಟ್ ಕಂಪನಿಯ ನೀಲಿ ಅಂಗಿಯಲ್ಲೇ.

ಮೊದಲನೆಯದು ಎರಡನೇ ಮಹಡಿಯ ಮನೆ. ಒಡತಿ ನಗುನಗುತ್ತ ಬಾಗಿಲು ತೆಗೆದು, ನಗುನಗುತ್ತಲೇ ಬಚ್ಚಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅಲ್ಲೊಂದು ದೊಡ್ಡ ಕ್ಯಾಲೆಂಡರ್ ತೂಗುತ್ತಿತ್ತು. ಅವನು ಮೆಲ್ಲಗೆ, "ಅಮ್ಮಾ, ಸ್ವಲ್ಪ..." ಎಂದು ಕ್ಯಾಲೆಂಡರ್ ಎತ್ತಿದ. ಹಿಂದೆ ಅಂಗೈಯಗಲದ ತೇವ.

"ಒಂದೇ ನೋಟಕ್ಕೆ ಕಂಡುಹಿಡಿದ್ರಲ್ಲ," ಅಂದರು ಗೊಂಚಲಕ್ಕ ಮೆಟ್ಟಿಲಿಳಿಯುತ್ತ.

"ಬೇರೆಯವರ ಗೋಡೆ ಅಲ್ವಾ ಅಕ್ಕ, ಕಾಣುತ್ತೆ," ಅಂದಳು ಅವಳು. "ತಮ್ಮ ಮನೆಯಲ್ಲಿ ಹನ್ನೊಂದು ತಿಂಗಳು ಕೊಳೀತಾ ಇದ್ದಿದ್ದು ಕಾಣಲಿಲ್ಲ."

ಅವನು ಕೇಳಿಸಿಕೊಂಡ. ಕಿವಿ ಕೆಂಪಾಯಿತು.

ಎರಡನೆಯದು ಗಲ್ಲಿಯ ಕೊನೆಯ ಮನೆ. ದೊಡ್ಡ ಹಾಲು, ಸಣ್ಣ ಅಡುಗೆಮನೆ. ಅವಳಿಗೇ ಗೊತ್ತಿಲ್ಲದಂತೆ ಅವಳು ಅಡುಗೆಮನೆಯಲ್ಲಿ ನಿಂತು ತೋಳು ಅಗಲಿಸಿ ನೋಡಿದಳು. ಇಬ್ಬರು ನಿಲ್ಲುವಷ್ಟು ಜಾಗ ಇರಲಿಲ್ಲ. 'ಇಬ್ಬರು ಯಾಕೆ? ನಾನೊಬ್ಬಳಿಗೆ ಸಾಲದಾ?' ಎಂದು ತನ್ನ ಮೇಲೇ ರೇಗಿ ತೋಳು ಕಟ್ಟಿಕೊಂಡಳು.

ಹೊರಗೆ ಬಂದ ಮೇಲೆ ಗೊಂಚಲಕ್ಕ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟರು.

"ನೀವು ಮನೆ ಕೊಳ್ಳೋದಾದ್ರೆ ಮೊದಲು ಏನು ಬೇಕು ಅಂತೀರಿ? ಒಂದೇ ಒಂದು. ಒಬ್ಬರದ್ದು ಒಬ್ಬರು ನೋಡಬಾರದು."

ಅವಳು ಬರೆದಳು: 'ಒಳಗಿನಿಂದ ಹಾಕಿಕೊಳ್ಳೋ ಗಟ್ಟಿ ಚಿಲಕ.'

ಗೊಂಚಲಕ್ಕ ಅದನ್ನು ಓದಿ ಹುಬ್ಬೇರಿಸಿ, ಅವನ ಚೀಟಿ ಬಿಚ್ಚಿದರು. "'ಮುಂದಿನ ಕೋಣೆಗೆ ಉತ್ತರದ ಬೆಳಕು. ಲೆನ್ಸ್ ಕೆಲಸಕ್ಕೆ ಬಿಸಿಲು ಆಗಲ್ಲ, ಬೆಳಕು ಬೇಕು.' ಇದೇನ್ರೀ, ನೀವು ಲಿಫ್ಟಿನವರು, ಲೆನ್ಸ್ ಯಾಕೆ ಬಂತು?"

ಅವಳಿಗೆ ಬೀದಿಯೇ ಒಮ್ಮೆ ತಿರುಗಿದಂತಾಯಿತು. ಆ ಮಾತು ಅವಳದು. ಅಕ್ಷರಕ್ಕಕ್ಷರ ಅವಳದು.

"ಯಾರಿಗೆ ತೋರಿಸೋಕೆ ಬರೆದಿದ್ದು ಇದು?" ಅವಳು ಅವನತ್ತ ಎರಡು ಹೆಜ್ಜೆ ಬಂದಳು. "ಬೇಕಾಗಿದ್ದಾಗ ಕೊಡಲಿಲ್ಲ. ಈಗ ಚೀಟಿಯಲ್ಲಿ ಬರೆದು ಒಳ್ಳೆಯವರಾಗ್ತಿದೀರಾ? ಅಕ್ಕನ ಮುಂದೆ ನಾನು ಕೆಟ್ಟವಳು, ನೀವು ಪಾಪದವರು, ಹೌದಾ?"

"ಹಾಗಲ್ಲ..."

"ಹೇಗೆ ಮತ್ತೆ? ಹೇಳಿ. ಕೇಳ್ತಾ ಇದೀನಿ."

ಅವನು ಬಾಯಿ ತೆರೆದ.  ಅವಳು ಕಾದಳು. ಎದುರಿನ ಮನೆಯವರು ಕಿಟಕಿಯಲ್ಲಿ ಇಣುಕುವಷ್ಟು ಹೊತ್ತು ಕಾದಳು.

"ಅದೇ ಅಂದುಕೊಂಡೆ," ಎಂದು ಚೀಟಿ ಕಿತ್ತುಕೊಂಡು ನಾಲ್ಕು ಚೂರು ಮಾಡಿ ನಡೆದೇಬಿಟ್ಟಳು.

ಅರ್ಧ ದಾರಿ ಹೋದ ಮೇಲೆ ಕಣ್ಣು ತುಂಬಿತು. ಅತ್ತಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

*

ಶನಿವಾರ ಬೆಳಗ್ಗೆ ಹತ್ತಕ್ಕೆ ಗೊಂಚಲಕ್ಕ ಇಬ್ಬರ ಕೈಗೂ ಒಂದೊಂದು ನೋಟ್‌ಬುಕ್ ಕೊಟ್ಟರು.

"ಇವತ್ತು ನೀವು ಈ ಮನೆಯವರಲ್ಲ. ನನ್ನ ಕಡೆಯ ಕೆಲಸದವರು. ಮನೆಯವರ ಎದುರಿಗೆ ಜನ ಬಾಯಿತುಂಬ ಹೊಗಳ್ತಾರೆ, ಗೇಟು ದಾಟಿದ ಮೇಲೆ ನಿಜ ಹೇಳ್ತಾರೆ. ನನಗೆ ನಿಜ ಬೇಕು. ಬರ್ಕೊಳ್ಳಿ, ಬಾಯಿ ಬಿಡಬೇಡಿ."

"ಅದು ಅವರಿಗೆ ಸುಲಭ," ಅಂದಳು ಅವಳು.

ಮೊದಲು ಬಂದವನು ಕೋಣೆಕೋಣೆಗೂ ಹೋಗಿ ಗೋಡೆಗೆ ಕಿವಿ ಕೊಟ್ಟು ಬೆರಳಲ್ಲಿ ಟಕಟಕ ಬಡಿದ. ಏನು ಕೇಳಿಸಿತೋ ಏನೋ, ತಲೆಯಾಡಿಸಿ ಹೋದ. ಆಮೇಲೆ ಬಂದ ಡ್ರೈವಿಂಗ್ ಸ್ಕೂಲಿನವರು ಮನೆಯೊಳಗೇ ಬರಲಿಲ್ಲ. ಗೇಟಿನ ಅಗಲ ಅಳೆದರು, ಸಾಲದು ಅಂದರು. ಅವಳು ಇಬ್ಬರದ್ದೂ ಬರೆದುಕೊಂಡಳು.

ಮೂರನೆಯವರು ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು. ಗಂಡನದು ಬಾಯಿ ಜೋರು.

"ಅಡುಗೆಮನೆ ಹೇಗಿದೆ ಮೇಡಂ, ಹಿಡಿಸ್ತಾ?" ಗೊಂಚಲಕ್ಕ ಹೆಂಡತಿಯನ್ನು ಕೇಳಿದರು.

"ಅವಳಿಗೆ ಹಿಡಿಸುತ್ತೆ," ಅಂದ ಗಂಡ.

"ಮುಂದಿನ ಕೋಣೆ?"

"ನನ್ನ ಫ್ರೆಂಡ್ಸ್ ಬಂದ್ರೆ ಕೂರೋಕೆ ಸರಿಹೋಗುತ್ತೆ. ಅವಳಿಗೇನೂ ಬೇಡ. ಅವಳದು ಒಂದು ಮೂಲೆ ಇದ್ದರೆ ಸಾಕು."

ಹೆಂಡತಿ ಕಿಟಕಿಯ ಹತ್ತಿರ ನಿಂತು ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕನ್ನಡಕದಂಗಡಿಯವಳಿಗೆ ಇನ್ನು ತಡೆಯಲಾಗಲಿಲ್ಲ. ನೋಟ್‌ಬುಕ್ ಪಟ್ಟನೆ ಮುಚ್ಚಿದಳು.

"ನೀವು ಏನು ಕೆಲಸ ಮಾಡ್ತೀರಾ?" ಎಂದು ಅವಳನ್ನೇ ಕೇಳಿದಳು.

"ಅವಳು..." ಗಂಡ ಶುರು ಮಾಡಿದ.

"ನಿಮ್ಮನ್ನ ಕೇಳಲಿಲ್ಲ. ಅವರಿಗೂ ನಾಲಿಗೆ ಇದೆ ಅಲ್ವಾ?"

 ಆ ಹುಡುಗಿ ಬೆಚ್ಚಿ, ಆಮೇಲೆ ಮೆಲ್ಲಗೆ, "ಬಟ್ಟೆಗೆ ಬಣ್ಣ ಹಾಕ್ತೀನಿ. ಬ್ಲಾಕ್ ಪ್ರಿಂಟು. ಇಲ್ಲಿನ ಬೆಳಕಲ್ಲಿ ಬಣ್ಣ ಇದ್ದ ಹಾಗೇ ಕಾಣುತ್ತೆ," ಅಂದಳು.

"ಅದನ್ನ ಅವರಿಗೆ ಹೇಳಿ. ಈಗಲೇ ಹೇಳಿ. ಮನೆ ಕೊಂಡ ಮೇಲೆ ಹೇಳ್ತೀನಿ ಅಂದ್ರೆ ಹೇಳೋ ದಿನ ಬರಲ್ಲ."

ಗಂಡ ಬುಸುಗುಟ್ಟುತ್ತ ಹೊರಟ. ಹುಡುಗಿ ಗೇಟಿನ ಹತ್ತಿರ ಏನೋ ಹೇಳುತ್ತಿದ್ದಳು, ಕೈಯಾಡಿಸಿ ಹೇಳುತ್ತಿದ್ದಳು. ಅವನು ನಿಂತು ಕೇಳುತ್ತಿದ್ದ.

"ಬಾಯಿ ಬಿಡಬೇಡಿ ಅಂದಿದ್ದೆ," ಅಂದರು ಗೊಂಚಲಕ್ಕ. ಬೈಯಲಿಲ್ಲ.

ಕೊನೆಗೆ ಬಂದವರು ಇಬ್ಬರು ಅಕ್ಕತಂಗಿಯರು, ಕೆಲಸದಿಂದ ನಿವೃತ್ತರಾದ ಟೀಚರುಗಳು. ಅಕ್ಕ ಮೆಟ್ಟಿಲು ಎಣಿಸಿದರು, ತಂಗಿ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದರು. ಇಬ್ಬರಿಗೂ ಮನೆ ಹಿಡಿಸಿದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಅದನ್ನೇ ಬರೆಯುತ್ತಿದ್ದಳು. ಆಗ ಮುಂದಿನ ಕೋಣೆಯಿಂದ ಅಕ್ಕನ ಧ್ವನಿ ಬಂತು.

"ಏನಪ್ಪಾ, ಮನೆಯೆಲ್ಲ ಸಾಮಾನಿದೆ. ಈ ಕೋಣೆ ಮಾತ್ರ ಬೋಳು. ಏನಾಗಿತ್ತು ಇಲ್ಲಿ? ನಿಜ ಹೇಳು. ಯಾರಾದ್ರೂ ಹೋಗಿಬಿಟ್ರಾ?"

"ಇಲ್ಲಮ್ಮ. ಯಾರೂ ಸತ್ತಿಲ್ಲ."

"ಮತ್ತೆ?"

ಅವನು ಹೇಳತೊಡಗಿದ. ಇಷ್ಟು ಉದ್ದ ಅವನು ಮಾತಾಡಿದ್ದನ್ನು ಅವಳು ಎಂಟು ವರ್ಷದಲ್ಲಿ ಕೇಳಿರಲಿಲ್ಲ.

"ನಾನು ಕೆಲಸದವನಲ್ಲಮ್ಮ. ಈ ಮನೆಯವನು. ಇದು ನನ್ನ ಹೆಂಡತಿಯ ಅಂಗಡಿ ಆಗಬೇಕಿತ್ತು. ನಾನು ನನ್ನ ತಮ್ಮನಿಗೆ ಕೊಟ್ಟೆ. ಅಪ್ಪ ಹೋದ ಮೇಲೆ ಅವನನ್ನ ನಾನೇ ಸಾಕಿದ್ದು, ಅವನಿಗೆ ಇಲ್ಲ ಅನ್ನೋಕೆ ಬಾಯಿ ಬರ್ತಿರಲಿಲ್ಲ. ಒಂದು ದಿನ ಅವನು ಇವಳಿಗೆ, ಇದು ನಮ್ಮಣ್ಣನ ಮನೆ ಅಂದ. 'ಅವಳದೂ ಹೌದು' ಅಂತ ಎರಡೇ ಪದ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಹೋದಳು. ಹದಿನಾರನೇ ದಿನ ತಮ್ಮನನ್ನ ಕಳಿಸಿದೆ. ಅವನು ಇವತ್ತಿಗೂ ನನ್ನ ಹತ್ತಿರ ಮಾತಾಡಲ್ಲ. ಆಮೇಲೆ ಈ ಕೋಣೆಯಲ್ಲಿ ಏನಾದ್ರೂ ಇಡೋಕೆ ನನಗೆ ಮನಸ್ಸಾಗಲಿಲ್ಲ. ದಿನಾ ಒರೆಸ್ತೀನಿ, ಅಷ್ಟೇ."

ನೋಟ್‌ಬುಕ್ ಅವಳ ಕೈಯಿಂದ ಜಾರಿ ಕಟ್ಟೆಯ ಮೇಲೆ ಬಿತ್ತು.

ಹದಿನಾರನೇ ದಿನ...

ಅಷ್ಟು ಬೇಗ ಕಳಿಸಿದ್ದ. ಗಿರಾಕಿಗಳಿಗಾಗಿ ಅಲ್ಲ. ಮನೆ ಮಾರುವ ಮಾತೇ ಆಗ ಹುಟ್ಟಿರಲಿಲ್ಲ.

ಗೊಂಚಲಕ್ಕ ಗಂಟಲು ಸರಿಮಾಡಿಕೊಂಡು, "ಬನ್ನಿ ಟೀಚರೇ, ಮೇಲೆ ನೀರಿನ ಟ್ಯಾಂಕ್ ತೋರಿಸ್ತೀನಿ," ಎಂದು ಇಬ್ಬರನ್ನೂ ಕರೆದುಕೊಂಡು ಹೊರಟರು.

ಅವಳು ನಡುಮನೆ ದಾಟಿ ಮುಂದಿನ ಕೋಣೆಗೆ ಬಂದಳು. ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಬದಲಿಗೆ ಸಿಟ್ಟು ಒಲೆಯ ಮೇಲಿಟ್ಟ ಹಾಲಿನಂತೆ ಉಕ್ಕಿಬಂತು.

"ಅವರು ಯಾರು ನಿನಗೆ?"

ಅವನು ತಿರುಗಿದ. ಅವಳ ಬಾಯಲ್ಲಿ 'ನಿನಗೆ' ಎಂದು ಬಂದದ್ದು ಅವಳಿಗಿಂತ ಮೊದಲು ಅವನಿಗೆ ಗೊತ್ತಾಯಿತು.

"ಯಾರು ನಿನಗೆ ಆ ಟೀಚರು? ಮೆಟ್ಟಿಲು ಎಣಿಸೋಕೆ ಬಂದವರು. ಅವರಿಗೆ ಮೂರು ನಿಮಿಷದಲ್ಲಿ ಹೇಳಿದೆ. ನನಗೆ ಹೇಳೋಕೆ ಹದಿನಾಲ್ಕು ತಿಂಗಳು ಸಾಲಲಿಲ್ವಾ?"

"ನೀನು ಬರಬೇಡ ಅಂದಿದ್ದೆ."

"ಅಂದಿದ್ದೆ."

"ಕರೆಯೋಕೂ ಬರಬೇಡ, ನೋಡೋಕೂ ಬರಬೇಡ ಅಂದಿದ್ದೆ."

"ಸಿಟ್ಟಲ್ಲಿ ಮನುಷ್ಯರು ಏನೇನೋ ಅಂತಾರೆ. ಅದೆಲ್ಲ ಹಾಗೇ ಪಾಲಿಸ್ತಾರಾ?"

"ನನ್ನ ಕೆಲಸದಲ್ಲಿ ಬಾಗಿಲ ಮೇಲೆ ಬರಬೇಡ ಅಂತ ಬರೆದಿದ್ರೆ ಹೋಗಬಾರದು. ಹೋದವನ ಕೈ ತುಂಡಾಗಿದ್ದು ನಾನು ನೋಡಿದೀನಿ."

"ನಾನು ಲಿಫ್ಟಾ?" ಅವಳ ಕೂಗು ಖಾಲಿ ಕೋಣೆಯಲ್ಲಿ ಎರಡು ಸಲ ಕೇಳಿಸಿತು. "ಹೇಳು, ನಾನು ಲಿಫ್ಟಾ? ತಮ್ಮನನ್ನ ಕಳಿಸಿದೀನಿ ಅಂತ ಒಂದು ಸಾಲು ಬರೆದು ಕಳಿಸೋಕೆ ಆಗ್ತಿರಲಿಲ್ವಾ?"

"ಕಳಿಸಿದೀನಿ, ಈಗ ಬಾ ಅಂತ ಲೆಕ್ಕ ಒಪ್ಪಿಸಿದ ಹಾಗೆ ಆಗ್ತಿತ್ತು. ನಾನು ಮಾಡಬೇಕಾಗಿದ್ದನ್ನ ತಡವಾಗಿ ಮಾಡಿದೆ. ಅದಕ್ಕೆ ನಿನ್ನಿಂದ ಏನಂತ ಕೇಳಲಿ?" ಅವನು ನೆಲ ನೋಡುತ್ತ ನಿಂತ. ಆಮೇಲೆ ತುಂಬ ಮೆಲ್ಲಗೆ ಅಂದ: "ಬಂದಿದ್ದೆ."

"ಎಲ್ಲಿಗೆ?"

"ನಿನ್ನ ಚಿಕ್ಕಮ್ಮನ ಬಿಲ್ಡಿಂಗಿಗೆ. ಅಲ್ಲಿನ ಲಿಫ್ಟ್ ಬೇರೆಯವನ ಪಾಲಿಗಿತ್ತು. ನನ್ನ ಎರಡು ಬಿಲ್ಡಿಂಗ್ ಅವನಿಗೆ ಕೊಟ್ಟು ಅದನ್ನ ತಗೊಂಡೆ. ಪ್ರತಿ ತಿಂಗಳು ಎರಡನೇ ಮಂಗಳವಾರ. ನಿನ್ನ ರಜೆ ದಿನ. ಬಾಗಿಲಿಗೆ ಬರಲಿಲ್ಲ. ಬರಬೇಡ ಅಂದಿದ್ದೆ."

ಅವಳು ಅವನನ್ನೇ ನೋಡಿದಳು. ನಂಬಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

*

ಚಿಕ್ಕಮ್ಮನ ಮನೆ ಮೂರನೇ ಮಹಡಿ. ಈ ಹದಿನಾಲ್ಕು ತಿಂಗಳಲ್ಲಿ ಅವಳು ಒಂದು ದಿನವೂ ಲಿಫ್ಟ್ ಹತ್ತಿರಲಿಲ್ಲ. ಲಿಫ್ಟ್ ಅಂದರೇ ಮೈ ಉರಿಯುತ್ತಿತ್ತು. ತರಕಾರಿ ಚೀಲ ಹೊತ್ತು, ಮಂಡಿ ನೋವಿನಲ್ಲೂ ಅರವತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಹಟ ಅಂದರೆ ಹಟ.

ಇವತ್ತು ಲಿಫ್ಟಿನ ಬಾಗಿಲು ಎಳೆದು ಒಳಗೆ ನಿಂತಳು.

ಗುಂಡಿಗಳ ಮೇಲ್ಗಡೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸರ್ವಿಸ್ ಕಾರ್ಡ್ ಇತ್ತು. ಅದರ ಹಿಂದೆ ತುಂಬಿಹೋದ ಹಳೆಯ ಕಾರ್ಡ್ ಇನ್ನೊಂದು. ತಾರೀಖು, ಬ್ರೇಕು, ಗಂಟೆ, ಬಾಗಿಲು, ಸಹಿ. ಆ ಸಹಿ ಅವಳಿಗೆ ಗೊತ್ತಿತ್ತು. ಮನೆಯ ಪತ್ರದಲ್ಲಿ ಅವಳ ಸಹಿಯ ಪಕ್ಕದಲ್ಲೇ ಇದ್ದದ್ದು.

ಎಣಿಸಿದಳು. ಹದಿಮೂರು.

ಷರಾ ಎಂಬ ಕಡೆ ಬೇರೆ ಮಹಡಿಗಳ ಸುದ್ದಿಯೇ ಇರಲಿಲ್ಲ. ಹದಿಮೂರು ಸಲವೂ ಒಂದೇ ಸಾಲು: 'ಮೂರನೇ ಮಹಡಿಯ ಬಾಗಿಲು ನೋಡಿದೆ. ಸರಿ ಇದೆ.'

ಯಾರೋ ಕೆಳಗಿನಿಂದ ಗುಂಡಿ ಒತ್ತಿದರು. ಲಿಫ್ಟ್ ಕೆಳಗಿಳಿಯಿತು, ಮೇಲೇರಿತು, ಮತ್ತೆ ಇಳಿಯಿತು. ಹತ್ತಿದವರು ಅವಳ ಮುಖ ನೋಡಿ ಏನೂ ಕೇಳದೆ ತಮ್ಮ ಮಹಡಿಯಲ್ಲಿ ಇಳಿದುಹೋದರು.

ಕೊನೆಗೆ ಮನೆಯೊಳಗೆ ಹೋದಾಗ ಚಿಕ್ಕಮ್ಮ ಬಟ್ಟೆ ಮಡಚುತ್ತಿದ್ದರು.

"ಚಿಕ್ಕಮ್ಮಾ, ಲಿಫ್ಟ್ ನೋಡೋಕೆ ಬರೋದು ಯಾರು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಲ್ಲ. ನಾಲ್ಕೈದು ಸಲ ಲಿಫ್ಟಿನ ಹತ್ತಿರಕ್ಕೇ ಹೋಗಿ ಚಹಾ ಕೊಟ್ಟಿದೀನಿ. ನೀನು ಸ್ನಾನಕ್ಕೆ ಹೋದಾಗ."

"ನನಗೆ ಯಾಕೆ ಹೇಳಲಿಲ್ಲ?"

"ಬಂದ ದಿನವೇ ನೀನೇನಂದೆ? ಈ ಮನೆಯಲ್ಲಿ ಅವನ ಮಾತೆತ್ತಿದ್ರೆ ನಾನು ಇರಲ್ಲ ಅಂದೆ. ನೀನು ಹೋಗಿಬಿಟ್ರೆ ನನಗೆ ಯಾರಿದಾರೆ? ಎತ್ತಲಿಲ್ಲ."

ಅವಳು ಗೋಡೆಗೆ ಒರಗಿ ಕೂತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಜಗತ್ತಿನಲ್ಲಿ ಎಲ್ಲರ ಮಾತನ್ನೂ ಎಲ್ಲರೂ ಗಾಳಿಗೆ ತೂರುತ್ತಾರೆ. ಅವಳ ಮಾತನ್ನು ಮಾತ್ರ, ಅದೂ ಕೇಳಬಾರದಾಗಿದ್ದ ಮಾತನ್ನು, ಇಬ್ಬರೂ ಚಾಚೂ ತಪ್ಪದೆ ಕೇಳಿಬಿಟ್ಟಿದ್ದರು.

"ಅವನು ತಪ್ಪು ಮಾಡಿದಾನೆ ಚಿಕ್ಕಮ್ಮ."

"ಮಾಡಿದಾನೆ. ನಾನೇ ಅವನಿಗೆ ಮುಖದ ಮೇಲೆ ಹೇಳಿದೀನಿ. ಚಹಾ ಕೊಟ್ಟೇ ಹೇಳಿದೀನಿ." ಚಿಕ್ಕಮ್ಮ ಸೀರೆಯ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟು ಎಳೆದರು. "ಸಿಟ್ಟು ಮಾಡ್ಕೊಳ್ಳೋದು ತಪ್ಪಲ್ಲ ಕಣೇ. ಆದ್ರೆ ಬಾ ಅನ್ನೋದನ್ನ ಬರಬೇಡ ಅಂದ್ರೆ, ಕೇಳೋನು ದಡ್ಡನಾಗಿದ್ರೆ ಏನು ಮಾಡ್ತಾನೆ ಹೇಳು."

*

ಭಾನುವಾರ ಹನ್ನೊಂದು ಗಂಟೆಗೆ ಗೊಂಚಲಕ್ಕ ಹಾಲಿನಲ್ಲಿ ಕುಳಿತು ನೋಟ್‌ಬುಕ್ ತಿರುವುತ್ತಿದ್ದರು. ಎದುರಿಗೆ ಅವನು. ಅವಳು ಬಂದು ನಿಂತಳು, ಕೂರಲಿಲ್ಲ.

"ಕೇಳಿ. ಬಂದವರಲ್ಲಿ ಎರಡು ಕಡೆಯವರಿಗೆ ಮನೆ ಬೇಕೇಬೇಕು. ಟೀಚರಮ್ಮಂದಿರು ಒಂದು. ಆ ಬಣ್ಣದ ಹುಡುಗಿ ಇನ್ನೊಂದು, ಅವಳೇ ಬೆಳಗ್ಗೆ ಫೋನ್ ಮಾಡಿದಳು, ಗಂಡ ಅಲ್ಲ. ಎರಡು ಕಡೆಯವರೂ ಮನಸ್ಸು ಕೊಟ್ಟಿದ್ದು ಮುಂದಿನ ಕೋಣೆಗೇ. ಬೋರ್ಡಿನ ಮೇಲೆ ಮೊದಲ ಸಾಲು ಅದೇ ಬರೆಸೋಣ. ಸರೀನಾ?"

"ಒಂದು ಕಡೆಯವರು ಇನ್ನೂ ಮನೆ ನೋಡಿಲ್ಲ ಅಕ್ಕ," ಅಂದಳು ಅವಳು.

"ಯಾರು?"

"ನಾನು."

ಗೊಂಚಲಕ್ಕ ಅವಳನ್ನು ನೋಡಿದರು, ಅವನನ್ನು ನೋಡಿದರು, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡರು. "ಮೂರು ಮನೆ ಮೆಟ್ಟಿಲು ಹತ್ತಿಸಿ, ಎಂಟು ದಿನ ಓಡಾಡಿಸಿ..." ಎಂದು ಗೊಣಗುತ್ತ ಎದ್ದರು. ಬಾಗಿಲ ಹತ್ತಿರ ತಿರುಗಿ, "ನೋಡೋದಾದ್ರೆ ಸರಿಯಾಗಿ ನೋಡು. ಕ್ಯಾಲೆಂಡರ್ ಎತ್ತಿ ನೋಡು," ಎಂದು ಹೇಳಿ ಹೋದರು.

ಅವಳು ಮುಂದಿನ ಕೋಣೆಯ ನಡುವೆ ಹೋಗಿ ನಿಂತಳು. ಅವನು ಹೊಸ್ತಿಲ ಆಚೆಗೇ ನಿಂತ.

"ಕೊಳ್ಳೋರು ಕೇಳೋ ಥರ ಕೇಳ್ತೀನಿ. ನಿಜ ಹೇಳಬೇಕು."

"ಕೇಳು."

"ಈ ಮನೆ ಯಾರದು?"

"ನಿನ್ನದು. ನನ್ನದು. ಇಬ್ಬರದು."

"ನಿನ್ನ ತಮ್ಮ ಬಂದ್ರೆ?"

ಅವನು ಯೋಚಿಸಿದ. ಥಟ್ಟನೆ ಸಿಹಿ ಉತ್ತರ ಕೊಡಲಿಲ್ಲ. ಅದು ಅವಳಿಗೆ ಹಿಡಿಸಿತು.

"ಊಟಕ್ಕೆ ಬರಲಿ. ತಮ್ಮ ಅಲ್ವಾ, ಬರಬೇಡ ಅನ್ನೋಕೆ ಆಗಲ್ಲ. ಆದ್ರೆ ಇರ್ತೀನಿ ಅಂದ್ರೆ, ಇಲ್ಲ ಅಂತ ನಾನು ಹೇಳ್ತೀನಿ. ನಿನ್ನ ಬಾಯಲ್ಲಿ ಹೇಳಿಸಲ್ಲ."

"ಯಾರಾದ್ರೂ ನನಗೆ ಒಂದು ಮಾತು ಅಂದ್ರೆ?"

"ಅಲ್ಲೇ ಉತ್ತರ ಕೊಡ್ತೀನಿ. ತಡವರಿಸ್ತೀನೇನೋ. ಕೊಡ್ತೀನಿ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಆವತ್ತು ನೀನು ನನ್ನ ಕಡೆ ತಿರುಗಿ ನೋಡಿದ್ಯಲ್ಲ, ಆ ಮುಖ ನನಗೆ ದಿನಾ ಕಾಣುತ್ತೆ. ತಪ್ಪಾಯ್ತು. ಇದನ್ನ ಹೇಳೋಕೆ ಇಷ್ಟು ದಿನ ತಗೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು."

ಅವಳ ಎದೆಯಲ್ಲಿ ಯಾವುದೋ ಗಂಟು ಸಡಿಲವಾಯಿತು. ಪೂರ್ತಿ ಬಿಚ್ಚಲಿಲ್ಲ.

"ನನ್ನ ಸಿಟ್ಟು ಹೋಗಿಲ್ಲ."

"ಗೊತ್ತು."

"ಇನ್ನೂ ಆರು ತಿಂಗಳಿಗಾಗೋಷ್ಟಿದೆ."

"ಇಲ್ಲೇ ಮಾಡ್ಕೋ. ದಿನಾ ಮಾಡ್ಕೋ. ಮೂರನೇ ಮಹಡಿ ಬಾಗಿಲ ಹೊರಗೆ ನಿಂತ್ರೆ ಸರಿಯಾಗಿ ಕೇಳಿಸಲ್ಲ."

ತುಟಿಯಂಚಿಗೆ ಬಂದ ನಗುವನ್ನು ಅವಳು ಕಚ್ಚಿ ಹಿಡಿದಳು.

"ನನ್ನದೂ ಒಂದು ಮಾತಿದೆ," ಅಂದಳು. "ಇನ್ನು ಮೇಲೆ ನಾನು ಬರಬೇಡ ಅಂದ್ರೆ ಬರಬೇಡ ಅಂತಲೇ ಅರ್ಥ. ಬಾ ಅನ್ನಬೇಕು ಅನಿಸಿದಾಗ ಬಾ ಅಂತೀನಿ. ನಿನ್ನನ್ನ ಒಗಟು ಬಿಡಿಸೋಕೆ ಬಿಡಲ್ಲ. ನಿನಗೆ ಬರಲ್ಲ ಅದು."

"ಬರಲ್ಲ," ಅವನು ಒಪ್ಪಿಕೊಂಡ.

"ಬಾ."

ಅವನು ಹೊಸ್ತಿಲಲ್ಲೇ ನಿಂತಿದ್ದ, ಕೇಳಿಸಿದ್ದು ಸರಿಯೋ ತಪ್ಪೋ ಎಂಬಂತೆ.

"ಬಾ ಅಂದೆ. ಒಳಗೆ ಬಾ. ಈ ಕಿಟಕಿ ಕೆಳಗೆ ಮೇಜು ಬೇಕು. ನಿಂತು ಕೆಲಸ ಮಾಡೋದು, ಎತ್ತರ ನನ್ನ ಮೊಣಕೈಗೆ ಸರಿಯಾಗಿರಬೇಕು. ಅಳೀತೀಯಾ?"

ಅವನು ಜೇಬಿನಿಂದ ಟೇಪು ತೆಗೆದ. ಅವಳ ಪಕ್ಕದಲ್ಲಿ ಮಂಡಿಯೂರಿ, ಒಂದು ತುದಿಯನ್ನು ನೆಲಕ್ಕೊತ್ತಿ, ಇನ್ನೊಂದನ್ನು ಅವಳ ಮೊಣಕೈವರೆಗೆ ಎಳೆದ. ಅವನ ಬೆರಳು ಅವಳ ತೋಳಿಗೆ ತಾಗಿತು. 

"ಎಷ್ಟು?"

ಅವನು ಟೇಪನ್ನು ಕಣ್ಣಿನ ಹತ್ತಿರ ತಂದ.

"ಎಷ್ಟು ಅಂತ ಕೇಳಿದೆ."

"ಕಾಣ್ತಿಲ್ಲ," ಅಂದ ಅವನು, ತಲೆ ತಗ್ಗಿಸಿಯೇ. "ಅಂಕಿಯೆಲ್ಲ ಮಂಜು ಮಂಜು."

ಅವಳು ಅವನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು, ಗಿರಾಕಿಯ ಮುಖವನ್ನು ತಿರುಗಿಸುವ ಹಾಗೆ. ಹೆಬ್ಬೆರಳಲ್ಲಿ ಅವನ ಕಣ್ಣಿನ ಕೆಳಗೆ ಒರೆಸಿದಳು. ಮೊದಲು ಒಂದು, ಆಮೇಲೆ ಇನ್ನೊಂದು.

"ನಿನಗೆ ಕನ್ನಡಕ ಬೇಕು."

"ಅಂಗಡಿ ಯಾವಾಗ ತೆಗೀತೀಯ?"

"ಮೇಜು ಆದ ಮೇಲೆ."

"ನಾಳೆಯೇ ಮಾಡಿಸ್ತೀನಿ. ಮನೆಯವರಿಗೆ ಏನಾದ್ರೂ ರಿಯಾಯಿತಿ ಇದೆಯಾ?"

"ಮನೆಯವನು ಅಂತ ನಾನಿನ್ನೂ ಒಪ್ಪಿಲ್ಲ."

"ಯಾವಾಗ ಒಪ್ತೀಯ?"

ಅವಳು ಬಗ್ಗಿ ಅವನ ಹಣೆಗೆ ಹಣೆ ತಾಗಿಸಿದಳು. ಈಗ ಅವಳಿಗೂ ಎಲ್ಲ ಮಂಜಾಗಿಯೇ ಕಾಣುತ್ತಿತ್ತು.

"ಮೊದಲು ಅಳತೆ ಸರಿಯಾಗಿ ತಗೋ," ಅಂದಳು. "ನನಗೇನೂ ಅವಸರ ಇಲ್ಲ. ನಾನು ಇಲ್ಲೇ ಇರ್ತೀನಿ."